ನೀರಾಟದ ದಿನ ಕಾಲಿಗೇನು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬರುವ ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ಒಂದು ಇಡೀ ದಿನವನ್ನು ವಾಟರ್ ಪಾರ್ಕಿನಲ್ಲಿ ಕಳೆಯಬೇಕೆಂದಿದ್ದೇವೆ. ಹಿಂದಿನ ಸಲ ನಮ್ಮ ಯಜಮಾನರು ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದು, ಮಧ್ಯಾಹ್ನದ ಹೊತ್ತಿಗೆ ಎರಡೂ ಹಿಮ್ಮಡಿಗಳಲ್ಲಿ ಗುಳ್ಳೆ ಎಬ್ಬಿಸಿಕೊಂಡರು. ನನ್ನ ಹವಾಯಿ ಚಪ್ಪಲಿಯಲ್ಲಿ ಒಂದು ಅಲೆಗಳ ಕೊಳದಲ್ಲಿ ತೇಲಿಹೋದದ್ದು ಮತ್ತೆ ಸಿಗಲಿಲ್ಲ. ಈ ಸಲ ಎಲ್ಲರಿಗೂ ವಾಟರ್‌ಪ್ರೂಫ್ ಶೂ ಕೊಳ್ಳೋಣವೆಂದು ಮಗ ಹೇಳುತ್ತಿದ್ದಾನೆ. ಅದು ಸರಿಯೇ?
– ಒಬ್ಬ ಗೃಹಿಣಿ

ಉತ್ತರ: ನಿಮ್ಮ ಮಗನ ಕಾಳಜಿ ಮೆಚ್ಚತಕ್ಕದ್ದೇ, ಆದರೆ ಅವನ ಸಲಹೆಯಂತೆ ನಡೆದರೆ ಈ ಸಲ ಎಲ್ಲರ ಹಿಮ್ಮಡಿಯಲ್ಲೂ ಗುಳ್ಳೆ ಏಳುತ್ತದೆ. ವಾಟರ್‌ಪ್ರೂಫ್ ಶೂ ಇರುವುದು ಮಳೆಗೆ ಮತ್ತು ಕೆಸರಿಗೆ. ಹೊರಗಿನ ನೀರನ್ನು ಒಳಗೆ ಬಿಡದ ಅದರ ಹೊದಿಕೆ, ಕಣಕಾಲಿನ ಬಳಿಯಿಂದ ಒಮ್ಮೆ ಒಳಗೆ ನುಗ್ಗಿದ ನೀರನ್ನು ಅಷ್ಟೇ ನಿಷ್ಠೆಯಿಂದ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಮೊಣಕಾಲುದ್ದದ ನೀರಿಗೆ ಇಳಿದು ಬಂದ ಮೇಲೆ, ತುಂಬಿದ ಚೊಂಬುಗಳನ್ನು ಕಾಲಿಗೆ ಕಟ್ಟಿಕೊಂಡು ನಡೆದಂತಾಗುತ್ತದೆ. ನೀರಿನಲ್ಲಿ ಮುಳುಗಲಿರುವ ಕಾಲಿಗೆ ಬೇಕಾದದ್ದು ಬಂದ ನೀರನ್ನು ಕೂಡಲೇ ಹೊರಗೆ ಬಿಡುವ ಪಾದರಕ್ಷೆ. ಅದರ ಜೊತೆಗೆ, ಹರಿವ ನೀರು ಎಳೆದರೂ ಅದು ಕಾಲಿನಿಂದ ಕಳಚಬಾರದು ಮತ್ತು ಒದ್ದೆ ನೆಲದ ಮೇಲೆ ಅದರ ಅಟ್ಟೆ ಜಾರಬಾರದು. ಈ ಮೂರು ಗುಣಗಳಿದ್ದರೆ ಬಣ್ಣ, ಹೆಸರು, ಅಂದ ಇವೆಲ್ಲ ನಿಮ್ಮ ಇಷ್ಟ.

ನಿಮ್ಮ ಯಜಮಾನರ ಗುಳ್ಳೆಗೂ ಕಾರಣ ಇದೇ. ಕ್ಯಾನ್ವಾಸ್ ಹತ್ತಿಯ ಬಟ್ಟೆ. ಅದು ನೀರನ್ನು ಹೀರಿಕೊಂಡು ಭಾರವಾಗುತ್ತದೆ ಮತ್ತು ಗಂಟೆಗಟ್ಟಲೆ ಒಣಗುವುದಿಲ್ಲ. ಒಳಗಿರುವ ಪಾದದ ಮೇಲ್ಪದರದ ಚರ್ಮವೂ ನೆನೆದು ಮೆತ್ತಗಾಗುತ್ತದೆ. ಹೀಗೆ ನೆನೆದ ಚರ್ಮಕ್ಕೂ ಬಟ್ಟೆಗೂ ನಡುವಿನ ಉಜ್ಜಾಟ ಒಣ ಚರ್ಮಕ್ಕಿಂತ ಹೆಚ್ಚಾಗಿರುವುದರಿಂದ, ಊರೆಲ್ಲ ಸುತ್ತಿದರೂ ನೋಯದ ಹಳೆಯ ಶೂ ಕೂಡ ಒದ್ದೆಯಾದಾಗ ಅರ್ಧ ದಿನದಲ್ಲಿ ಕಚ್ಚುತ್ತದೆ. ಅದರೊಳಗೆ ಹತ್ತಿಯ ಕಾಲುಚೀಲವನ್ನೂ ಹಾಕಿದ್ದರೆ ಗುಳ್ಳೆ ಏಳಲು ಮಧ್ಯಾಹ್ನದವರೆಗೂ ಕಾಯಬೇಕಾಗಿರಲಿಲ್ಲ. ಚರ್ಮದ ಚಪ್ಪಲಿಯ ಮಾತಂತೂ ಬೇಡವೇ ಬೇಡ. ನೆನೆದಾಗ ಉಬ್ಬುವ ಅದು ಒಣಗಿದಾಗ ಸೆಡೆತು ಬಿರುಕು ಬಿಡುತ್ತದೆ.

ಹವಾಯಿ ಚಪ್ಪಲಿ ನೀರಿಗೆಂದೇ ಹುಟ್ಟಿದ್ದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಬಚ್ಚಲಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಅದರಲ್ಲಿ ಹಿಮ್ಮಡಿಯನ್ನು ಹಿಡಿಯುವ ಪಟ್ಟಿಯೇ ಇಲ್ಲ. ಇಡೀ ಚಪ್ಪಲಿಯನ್ನು ಎರಡು ಬೆರಳುಗಳ ಸಂದಿಯಲ್ಲಿರುವ ಉಂಗುಷ್ಠವೊಂದೇ ಹಿಡಿದುಕೊಂಡಿರುತ್ತದೆ. ಒದ್ದೆಯಾದ ಕೂಡಲೇ ಚಪ್ಪಲಿ ನೆಲದ ಮೇಲೆ ಜಾರುವುದಕ್ಕೆ ಮೊದಲು ಪಾದವೇ ಚಪ್ಪಲಿಯ ಮೇಲೆ ಜಾರತೊಡಗುತ್ತದೆ. ಮೆಟ್ಟಿಲು ಹತ್ತುವಾಗ ಉಂಗುಷ್ಠ ಕಿತ್ತು ಬಂದರೆ ಮುಗ್ಗರಿಸದೆ ಗತ್ಯಂತರವಿಲ್ಲ. ಪ್ರವೇಶದ್ವಾರದಿಂದ ಬಟ್ಟೆ ಬದಲಿಸುವ ಕೋಣೆಯವರೆಗೆ ಮತ್ತು ಸ್ನಾನದ ಮನೆಯಲ್ಲಿ ಅದನ್ನು ಧಾರಾಳವಾಗಿ ಬಳಸಿ, ಅಲೆಗಳ ಕೊಳಕ್ಕೆ ಮಾತ್ರ ಇಳಿಸಬೇಡಿ.

ಹಾಗಾದರೆ ಕೊಳ್ಳುವುದೇನನ್ನು? ಅಂಗಡಿಗಳಲ್ಲಿ ‘ವಾಟರ್ ಶೂ’ ಅಥವಾ ‘ಅಕ್ವಾ ಶೂ’ ಎಂದು ಕೇಳಿದರೆ ತೋರಿಸುವ ಹಗುರವಾದ ಶೂಗಳು ಈ ಕೆಲಸಕ್ಕೆ ಒಪ್ಪುತ್ತವೆ. ಅವುಗಳ ಮೇಲ್ಭಾಗ ಜಾಲರಿಯಂಥ ಕೃತಕ ಬಟ್ಟೆಯದ್ದೋ ತೆಳುವಾದ ನಿಯೋಪ್ರೀನ್‌ನದ್ದೋ ಆಗಿರುತ್ತದೆ. ನಿಯೋಪ್ರೀನ್ ಎಂಬುದು ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ 1930ರಲ್ಲಿ ರೂಪುಗೊಂಡ ಕೃತಕ ರಬ್ಬರ್. ಮುಳುಗುಗಾರರ ಉಡುಪಿನಲ್ಲಿರುವುದು ಅದರ ನೊರೆಯ ರೂಪ. ಹಿಮ್ಮಡಿಗೆ ಪಟ್ಟಿಯಿರುವ, ಬೆರಳುಗಳು ಮುಚ್ಚಿರುವ ಸ್ಯಾಂಡಲ್ ಕೂಡ ಆದೀತು. ಎರಡರಲ್ಲಿ ಯಾವುದೇ ಆಗಲಿ, ಅದನ್ನು ಮಗುಚಿ ಅಡಿಯನ್ನು ನೋಡದೆ ಹಣ ಕೊಡಬೇಡಿ. ಒದ್ದೆ ನೆಲದಲ್ಲಿ ನಾವು ಜಾರುವುದು ಅಟ್ಟೆಗೂ ನೆಲಕ್ಕೂ ಮಧ್ಯೆ ನೀರಿನ ತೆಳು ಪೊರೆಯೊಂದು ಉಳಿದುಬಿಡುವುದರಿಂದ. ಆ ಪೊರೆ ಪಕ್ಕಕ್ಕೆ ಸರಿಯಲು ದಾರಿ ಬೇಕು, ಆ ದಾರಿಯೇ ಅಟ್ಟೆಯ ಮೇಲಿನ ಗೀರುಗಳು. ಅಮೆರಿಕದ ಪಾಲ್ ಸ್ಪೆರಿ ಎಂಬ ನೌಕಾವಿಹಾರಿ, ತನ್ನ ನಾಯಿ ಮಂಜುಗಡ್ಡೆಯ ಮೇಲೆ ಜಾರದೆ ಓಡುವುದನ್ನು ಕಂಡು ಅದರ ಅಂಗಾಲಿನ ಗೆರೆಗಳನ್ನು ಗಮನಿಸಿದನಂತೆ. ಅದೇ ಬಗೆಯ ಸಣ್ಣ ಸೀಳುಗಳನ್ನು ರಬ್ಬರಿನ ಅಟ್ಟೆಯಲ್ಲಿ ಕೊಯ್ದು ಅವನು 1935ರಲ್ಲಿ ತಂದ ದೋಣಿಯ ಶೂಗಳ ವಂಶ ಇಂದಿಗೂ ನಡೆದುಬಂದಿದೆ. ನಿಮ್ಮ ಕೈಯಲ್ಲಿರುವ ಶೂವಿನ ಅಡಿಯಲ್ಲಿಯೂ ಒತ್ತೊತ್ತಾದ ಗೀರುಗಳಿರಲಿ.

ಅಟ್ಟೆ ಯಾವುದರಿಂದ ಆದದ್ದು ಎಂಬುದೂ ಮುಖ್ಯ. ಬಹಳ ಹಗುರವಾಗಿ, ನೀರಿನಲ್ಲಿ ತೇಲುವ ನೊರೆಯ ಅಟ್ಟೆ ಸಾಮಾನ್ಯವಾಗಿ ಇವಿಎ ಎಂಬ ಪ್ಲಾಸ್ಟಿಕ್ಕಿನದು. ಅದು ಕಾಲಿಗೆ ಮೆತ್ತಗಿದ್ದರೂ, ಮೈ ನಯವಾಗಿದ್ದರೆ ಒದ್ದೆ ಟೈಲ್ಸ್ ಮೇಲೆ ನಂಬುವಂಥದಲ್ಲ. ಅದರ ಅಡಿಗೆ ರಬ್ಬರಿನ ಪದರವನ್ನು ಅಂಟಿಸಿದ ಶೂ ಉತ್ತಮ. ಹೆಬ್ಬೆರಳಿನ ಉಗುರಿನಿಂದ ಅಟ್ಟೆಯನ್ನು ಒತ್ತಿ ನೋಡಿ. ಗಟ್ಟಿ ಪ್ಲಾಸ್ಟಿಕ್ಕಿನಂತೆ ಉಗುರಿಗೆ ಜಗ್ಗದಿದ್ದರೆ ಅದನ್ನು ಅಂಗಡಿಯಲ್ಲೇ ಬಿಡಿ. ಕೊಂಡು ತಂದದ್ದನ್ನು ಮನೆಯ ಬಚ್ಚಲಿನಲ್ಲಿ ಪೂರ್ತಿ ನೆನೆಸಿ, ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕಿ ನೋಡುವುದು ಎಲ್ಲ ಪರೀಕ್ಷೆಗಳಿಗಿಂತ ದೊಡ್ಡ ಪರೀಕ್ಷೆ. ಹೊಚ್ಚ ಹೊಸ ಶೂವನ್ನು ಮೊದಲ ಬಾರಿಗೆ ಪಾರ್ಕಿನಲ್ಲೇ ತೊಡುವುದು ಬೇಡ.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ಎಲ್ಲರಿಗೂ ವಾಟರ್ ಶೂ ತರಲು ಹೇಳಿದ್ದೆವು. ಎತ್ತರದ ಜಾರುಬಂಡೆಯ ಬಳಿ ಅಲ್ಲಿಯ ಸಿಬ್ಬಂದಿ ಅವನ್ನೆಲ್ಲ ಬಿಚ್ಚಿಸಿದರು. ಸುರಕ್ಷತೆಗೆಂದು ತೊಟ್ಟದ್ದನ್ನೇ ಬಿಚ್ಚಿಸುವುದು ಯಾವ ನ್ಯಾಯ?

ಉತ್ತರ: ಸಿಬ್ಬಂದಿಯ ಕಡೆಯೇ ನ್ಯಾಯವಿದೆ. ನೆಲದ ಮೇಲೆ ನಮ್ಮನ್ನು ಕಾಪಾಡುವ ಹಿಡಿತವೇ ಜಾರುಬಂಡೆಯಲ್ಲಿ ಅಪಾಯವಾಗುತ್ತದೆ. ಮೈಯೆಲ್ಲ ನೀರಿನೊಂದಿಗೆ ವೇಗವಾಗಿ ಜಾರುತ್ತಿರುವಾಗ ರಬ್ಬರಿನ ಅಟ್ಟೆಯೊಂದು ಜಾರುಬಂಡೆಯ ಮೈಗೆ ಅಂಟಿದಂತೆ ನಿಂತುಬಿಟ್ಟರೆ, ಪಾದ ಅಲ್ಲೇ ಉಳಿದು ದೇಹ ಮುಂದೆ ಹೋಗುತ್ತದೆ; ಕಣಕಾಲು ಉಳುಕುವುದಕ್ಕೆ, ಮಗುಚಿ ಬೀಳುವುದಕ್ಕೆ ಅಷ್ಟು ಸಾಕು. ಸಡಿಲವಾದ ಚಪ್ಪಲಿ ಕಳಚಿ ದಾರಿಯಲ್ಲಿ ಉಳಿದರೆ ಹಿಂದೆ ಬರುವವರಿಗೆ ಪೆಟ್ಟು. ಇನ್ನು ಜಾರುಬಂಡೆಯ ಒಳಮೈ ಫೈಬರ್‌ಗ್ಲಾಸ್ ಮೇಲೆ ಬಳಿದ ನಯವಾದ ಲೇಪದ್ದು. ಲೋಹದ ಬಕಲ್, ಜಿಪ್ಪು ಅಥವಾ ಅಟ್ಟೆಗೆ ಸಿಕ್ಕಿಕೊಂಡ ಒಂದು ಹರಳು ಅದನ್ನು ಗೀರಿದರೆ, ಆ ಗೀರು ಮುಂದೆ ಬರುವವರ ಬೆನ್ನನ್ನು ಗೀರುತ್ತದೆ.

ಆದರೆ ಈ ನಿಯಮ ಎಲ್ಲ ಕಡೆಯೂ ಒಂದೇ ಅಲ್ಲ. ಲೋಹವಿಲ್ಲದ ಮೆತ್ತನೆಯ ವಾಟರ್ ಶೂವನ್ನು ಕೆಲವು ಪಾರ್ಕುಗಳು ಒಪ್ಪುತ್ತವೆ, ಕೆಲವು ಏನನ್ನೂ ಒಪ್ಪುವುದಿಲ್ಲ. ಒಂದೇ ಪಾರ್ಕಿನಲ್ಲಿ ಟ್ಯೂಬಿನ ಮೇಲೆ ಕುಳಿತು ಇಳಿಯುವಲ್ಲಿ ಒಂದು ನಿಯಮ, ಬರಿಮೈಯಲ್ಲಿ ಜಾರುವಲ್ಲಿ ಇನ್ನೊಂದು. ಆದ್ದರಿಂದ ಕೊಳ್ಳುವುದಕ್ಕೆ ಮೊದಲೇ ಅಲ್ಲಿಗೆ ಕೇಳಿ ತಿಳಿದುಕೊಳ್ಳಿ. ಜೊತೆಗೆ, ದಿನಕ್ಕೆ ಹತ್ತಾರು ಸಲ ಬಿಚ್ಚಿ ಹಾಕಬೇಕಾಗಬಹುದೆಂಬುದನ್ನು ನೆನಪಿಟ್ಟು, ದಾರ ಕಟ್ಟುವ ಶೂಗಿಂತ ಒಂದೇ ಎಳೆತಕ್ಕೆ ಬಿಗಿಯಾಗುವುದನ್ನು ಆರಿಸಿ.

ಬಿಚ್ಚಿದ್ದನ್ನು ಎಲ್ಲಿಡಬೇಕು ಎಂಬುದನ್ನು ಯಾರೂ ಮುಂಚೆ ಯೋಚಿಸುವುದಿಲ್ಲ. ಮೇಲೆ ಬಿಟ್ಟು ಜಾರಿ ಕೆಳಗೆ ಬಂದ ಮೇಲೆ, ಚಪ್ಪಲಿಗಾಗಿ ಬರಿಗಾಲಲ್ಲಿ ಅಷ್ಟೂ ಮೆಟ್ಟಿಲು ಹತ್ತಬೇಕಾಗುತ್ತದೆ. ಈ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಒಂದು ಸಲವಲ್ಲ. ಕೆಳಗೆ, ಜಾರುಬಂಡೆ ಮುಗಿಯುವ ಕೊಳದ ಅಂಚಿನಿಂದ ಸ್ವಲ್ಪ ದೂರದಲ್ಲಿ ಬಿಟ್ಟು ಹತ್ತುವುದು ಮೇಲು. ಮಕ್ಕಳ ಗುಂಪಾದರೆ ಸರದಿಯ ಮೇಲೆ ಒಬ್ಬರು ಅಲ್ಲಿ ನಿಲ್ಲಲಿ, ಪ್ರತಿ ಶೂವಿನ ಒಳಗೆ ಹೆಸರು ಬರೆದಿರಲಿ.

ಪ್ರಶ್ನೆ: ಪಾದಕ್ಕೆ ಬರಿಗಾಲಿಗಿಂತ ಒಳ್ಳೆಯ ಹಿಡಿತ ಯಾವ ಶೂವೂ ಕೊಡದು. ಇಷ್ಟೆಲ್ಲ ಗೊಂದಲವೇಕೆ, ಬರಿಗಾಲಲ್ಲೇ ತಿರುಗಬಾರದೇಕೆ?

ಉತ್ತರ: ಕೊಳದ ಅಂಚಿನಲ್ಲಿ ನಿಂತು ನೀವು ಈ ಮಾತು ಹೇಳಿದರೆ ನಾನು ತಲೆದೂಗುತ್ತೇನೆ. ಈಜುಕೊಳದ ಸುತ್ತಲಿನ ಟೈಲ್ಸ್‌ಗಳನ್ನು ಬರಿಗಾಲನ್ನೇ ಮನಸ್ಸಿನಲ್ಲಿಟ್ಟು ಪರೀಕ್ಷಿಸುವ ಪದ್ಧತಿಯಿದೆ. ಹಿಂದೆ ಡಿಐಎನ್ 51097 ಎಂದಿದ್ದ ಜರ್ಮನ್ ಮಾನದಂಡದಿಂದ ಬಂದ ಪರೀಕ್ಷೆಯಲ್ಲಿ, ಸಾಬೂನಿನ ನೀರು ಹರಿಸಿದ ಟೈಲ್ಸ್ ಮೇಲೆ ಬರಿಗಾಲಲ್ಲಿ ಒಬ್ಬರನ್ನು ನಡೆಸಿ, ಅವರು ಜಾರುವವರೆಗೆ ಇಳಿಜಾರನ್ನು ಹೆಚ್ಚಿಸುತ್ತ ಹೋಗುತ್ತಾರೆ. 12 ಡಿಗ್ರಿಯವರೆಗೆ ತಡೆದರೆ ಎ ದರ್ಜೆ, 18ಕ್ಕೆ ಬಿ, 24ಕ್ಕೆ ಸಿ. ಹೆಚ್ಚು ಒಣಗಿರುವ ಬಟ್ಟೆ ಬದಲಿಸುವ ಕೋಣೆಗೆ ಎ ಸಾಕು, ಕೊಳದ ಅಂಚಿಗೆ ಬಿ, ನೀರಿಗಿಳಿಯುವ ಮೆಟ್ಟಿಲಿಗೆ ಸಿ ಬೇಕು.

ಆದರೆ ವಾಟರ್ ಪಾರ್ಕ್ ಎಂದರೆ ಬರೀ ಕೊಳದ ಅಂಚಲ್ಲ. ಒಂದು ಆಟದಿಂದ ಇನ್ನೊಂದಕ್ಕೆ ಹೋಗುವ ಕಾಂಕ್ರೀಟ್ ದಾರಿ, ಲೋಹದ ಮೆಟ್ಟಿಲು, ಸರದಿ ನಿಲ್ಲುವ ಜಾಗ ಇವೆಲ್ಲ ಬಿಸಿಲಿಗೆ ಕಾಯುತ್ತವೆ. ಸುಮಾರು 44 ಡಿಗ್ರಿ ಸೆಲ್ಸಿಯಸ್‌ನಿಂದಲೇ, ಬಹಳ ಹೊತ್ತು ತಾಗಿಕೊಂಡಿದ್ದರೆ, ಮನುಷ್ಯರ ಚರ್ಮಕ್ಕೆ ಹಾನಿ ಆರಂಭವಾಗುತ್ತದೆ. 60 ಡಿಗ್ರಿಯಲ್ಲಿ ಕೆಲವೇ ಕ್ಷಣ ಸಾಕು. ನಡು ಬೇಸಿಗೆಯ ಮಧ್ಯಾಹ್ನದ ನೆಲ ಗಾಳಿಗಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಅಲೆಗಳ ಕೊಳದ ತಳ ಒರಟಾಗಿದ್ದರೆ, ನೆನೆದು ಮೆತ್ತಗಾದ ಬೆರಳ ತುದಿಗಳು ಸಂಜೆಯೊಳಗೆ ತರಚಿ ಕೆಂಪಾಗುತ್ತವೆ. ಶೌಚಾಲಯ ಮತ್ತು ಸ್ನಾನದ ಮನೆಗಳಲ್ಲಂತೂ ಬರಿಗಾಲು ಸರ್ವಥಾ ಕೂಡದು. ಬೆರಳ ಸಂದಿಯಲ್ಲಿ ತುರಿಸುವ ಶಿಲೀಂಧ್ರಕ್ಕೆ ಒದ್ದೆಯಾದ ಬೆಚ್ಚನೆಯ ನೆಲವೇ ಪ್ರಿಯ. ಅಂಗಾಲಿನಲ್ಲಿ ನರಹುಲಿ ಎಬ್ಬಿಸುವ ವೈರಸ್ ಕೂಡ, ನೆನೆದ ಚರ್ಮದ ಸಣ್ಣ ಬಿರುಕುಗಳಿಂದ ಒಳಸೇರುತ್ತದೆ. ಅದನ್ನು ಆಣಿಯೆಂದು ತಿಳಿದು ಬ್ಲೇಡಿನಿಂದ ಹೆರೆದುಕೊಳ್ಳುವವರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ನೀರಿಗೆ ಇಳಿಯುವುದಿಲ್ಲ, ಮೊಮ್ಮಕ್ಕಳ ಆಟ ನೋಡಲು ಮಾತ್ರ ಬರುತ್ತಾರೆ. ಅವರಿಗೆ ಮಾಮೂಲಿ ಚಪ್ಪಲಿ ಸಾಕಲ್ಲವೇ?

ಉತ್ತರ: ಸಾಲದು. ಈ ಕಾಯಿಲೆ ಹಳೆಯದಾದಾಗ ಹಲವರ ಪಾದಗಳ ನರಗಳು ಸೂಕ್ಷ್ಮತೆ ಕಳೆದುಕೊಳ್ಳುತ್ತವೆ. ಕಾದ ನೆಲ ಸುಟ್ಟರೂ, ಹರಳು ಚುಚ್ಚಿದರೂ ಅವರಿಗೆ ಗೊತ್ತಾಗುವುದಿಲ್ಲ, ಆದ ಗಾಯ ಬೇಗ ಮಾಯುವುದೂ ಇಲ್ಲ. ಅವರು ಒಂದು ಹೆಜ್ಜೆಯನ್ನೂ ಬರಿಗಾಲಲ್ಲಿ ಇಡಬಾರದು. ಬೆರಳುಗಳು ಮುಚ್ಚಿರುವ, ಒಳಗೆ ಒರಟು ಹೊಲಿಗೆಯಿಲ್ಲದ, ಈಗಾಗಲೇ ಕಾಲಿಗೆ ಒಗ್ಗಿರುವ ಶೂ ಅವರಿಗೆ ಬೇಕು. ತೊಡಿಸುವ ಮುನ್ನ ಒಳಗೆ ಕೈಯಾಡಿಸಿ ನೋಡಿ. ನೀರು ಸಿಡಿದು ಶೂ ಒದ್ದೆಯಾದರೆ ಬದಲಿಸಲು ಇನ್ನೊಂದು ಜೊತೆ ಜೊತೆಯಲ್ಲಿರಲಿ. ಮನೆಗೆ ಬಂದ ಮೇಲೆ ಅಂಗಾಲನ್ನೂ ಬೆರಳ ಸಂದಿಗಳನ್ನೂ ನೀವೇ ನೋಡಿ. ಗುಳ್ಳೆಯೋ ಕೆಂಪು ಕಲೆಯೋ ಕಂಡರೆ ಮನೆಮದ್ದಿಗೆ ಹೋಗದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಮುಂದಿನ ವರ್ಷಕ್ಕೂ ಆಗಲೆಂದು ಒಂದು ಅಳತೆ ದೊಡ್ಡದಾದ ವಾಟರ್ ಶೂ ತಂದಿದ್ದೇನೆ. ತೊಂದರೆಯೇನಾದರೂ ಇದೆಯೇ?

ಉತ್ತರ: ಇದೆ, ದಯವಿಟ್ಟು ಬದಲಿಸಿ. ಫ್ರಾಕು ದೊಡ್ಡದಾದರೆ ಮಡಚಿ ಹೊಲಿಯಬಹುದು, ಶೂವನ್ನು ಹಾಗೆ ಮಾಡಲಾಗದು. ನೆನೆದ ಮೇಲೆ ಬಟ್ಟೆ ಇನ್ನಷ್ಟು ಹಿಗ್ಗುವುದರಿಂದ ವಾಟರ್ ಶೂ ಒಣಗಿದ್ದಾಗಲೇ ಪಾದಕ್ಕೆ ಅಂಟಿದಂತಿರಬೇಕು, ಬೆರಳು ಮಡಚಿಕೊಳ್ಳುವಷ್ಟು ಬಿಗಿ ಮಾತ್ರ ಇರಬಾರದು. ಸಂಜೆಯ ಹೊತ್ತು ಪಾದ ಸ್ವಲ್ಪ ಊದಿರುವುದರಿಂದ ಆಗ ತೊಡಿಸಿ ನೋಡುವುದು ಒಳ್ಳೆಯದು. ತೂತುಗಳಿರುವ ನೊರೆಯ ಕ್ಲಾಗ್ (ಮುಂಭಾಗ ಮುಚ್ಚಿ ಹಿಮ್ಮಡಿ ತೆರೆದಿರುವ ಚಪ್ಪಲಿ) ಹಾಕಿಸುವುದಾದರೆ ಅದರ ಪಟ್ಟಿ ಅಲಂಕಾರಕ್ಕೆಂದು ಮುಂದಕ್ಕೆ ಮಡಚಿರದೆ ಹಿಮ್ಮಡಿಯ ಹಿಂದೆಯೇ ಇರಲಿ. ಪಾದದ ಮೇಲ್ಭಾಗಕ್ಕೆ ಸನ್‌ಸ್ಕ್ರೀನ್ ಹಚ್ಚುವುದನ್ನು ಮರೆಯಬೇಡಿ. ಅಂಗಾಲಿಗೆ ತಾಗಿದರೆ ಒರೆಸಿಬಿಡಿ, ಇಲ್ಲವಾದರೆ ಶೂವಿನೊಳಗೇ ಜಾರುತ್ತಾಳೆ.

ಪ್ರಶ್ನೆ: ಕಳೆದ ವರ್ಷದ ವಾಟರ್ ಶೂಗಳನ್ನು ಹೊರತೆಗೆದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ, ಒಂದರ ಅಟ್ಟೆಯೂ ಬಿಟ್ಟಿದೆ. ಬಿಸಿಲಲ್ಲಿ ಚೆನ್ನಾಗಿಯೇ ಒಣಗಿಸಿದ್ದೆ.

ಉತ್ತರ: ಆ ಬಿಸಿಲೇ ಅಟ್ಟೆಯನ್ನು ಬಿಡಿಸಿರಬಹುದು. ಕೊಳದ ನೀರಿನಲ್ಲಿ ಸಾಮಾನ್ಯವಾಗಿ ಹತ್ತು ಲಕ್ಷ ಭಾಗಕ್ಕೆ 1ರಿಂದ 3 ಭಾಗದಷ್ಟು ಕ್ಲೋರಿನ್ ಇಟ್ಟಿರುತ್ತಾರೆ. ಅದನ್ನು ತೊಳೆಯದೆ ಬಿಟ್ಟರೆ ಬಣ್ಣವೂ ಅಂಟೂ ನಿಧಾನವಾಗಿ ಹಾಳಾಗುತ್ತವೆ, ಅದರ ಮೇಲೆ ಸುಡು ಬಿಸಿಲು ಬಿದ್ದರೆ ಅಂಟು ಸಡಿಲಾಗುತ್ತದೆ. ಇವಿಎ ನೊರೆಯದಾದರೆ ಕುಗ್ಗಿ ಅಳತೆಯೇ ಬದಲಾಗಬಹುದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೂ ಇದೇ ಗತಿ. ವಾಸನೆಗೆ ಕಾರಣ ಬೇರೆ: ಮೇಲೆ ಒಣಗಿದಂತೆ ಕಂಡರೂ ಒಳ ಅಟ್ಟೆಯ ಕೆಳಗೆ ಪಸೆ ಉಳಿದಿರುತ್ತದೆ. ಪಾರ್ಕಿನಿಂದ ಬಂದ ರಾತ್ರಿಯೇ ಒಳ ಅಟ್ಟೆಯನ್ನು ಹೊರತೆಗೆದು, ಎರಡನ್ನೂ ಒಳ್ಳೆಯ ನೀರಿನಲ್ಲಿ ತೊಳೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ತುರುಕಿ, ಗಾಳಿಯಾಡುವ ನೆರಳಿನಲ್ಲಿ ಇಡಿ. ಒಂದೆರಡು ಗಂಟೆಗೊಮ್ಮೆ ಹಾಳೆಗಳನ್ನು ಬದಲಿಸಿ. ಅಟ್ಟೆ ಬಿಟ್ಟಿರುವುದನ್ನು ಅಂಟು ಹಾಕಿಸಿ ತೋಟದ ಕೆಲಸಕ್ಕೆ ಬಳಸಿಕೊಳ್ಳಬಹುದು, ಮತ್ತೆ ಕೊಳಕ್ಕೆ ಇಳಿಸಬೇಡಿ.