ಮನೆಯಲ್ಲಿ ಕಟ್ಟುವ ಹೆಡ್‌ಫೋನ್ ಆಂಪ್‌ಗೆ ಗೇನ್ ಸ್ವಿಚ್: ಎಂಥದ್ದು, ಎಲ್ಲಿ?

ನೀವು ಕೇಳಿದ್ದು ಇದು: ಎನ್‌ಇ5532 ಎಂಬ ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಇಟ್ಟು ಹೆಡ್‌ಫೋನ್ ಆಂಪ್ ಕಟ್ಟುತ್ತಿದ್ದೀರಿ. ಇಯರ್‌ಫೋನಿಗೆ ಕಡಿಮೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು), 300 ಓಮ್‌ನ ಹೆಡ್‌ಫೋನಿಗೆ ಹೆಚ್ಚು ಗೇನ್ ಬೇಕು. ಕೈಯಲ್ಲಿರುವ 6 ಆಂಪಿಯರ್, 250 ವೋಲ್ಟ್‌ನ ಆರು ಕಾಲಿನ ಟಾಗಲ್ ನಡೆಯುತ್ತದಾ? ನಡೆಯುತ್ತದೆ. ಆದರೆ ಎಲ್ಲಿ ಹಾಕುತ್ತೀರಿ ಅನ್ನುವುದನ್ನು ಮೊದಲು ನೋಡಿ, ಸ್ವಿಚ್ ಆಮೇಲೆ ಆರಿಸಿ.

ನನ್ನ ಮೊದಲ ಆಂಪ್‌ನಲ್ಲಿ ಔಟ್‌ಪುಟ್‌ನಿಂದ ಇನ್ವರ್ಟಿಂಗ್ ಪಿನ್ನಿಗೆ (ಮೈನಸ್ ಇನ್‌ಪುಟ್) ಸಿಗ್ನಲ್ ವಾಪಸ್ ತರುವ ಫೀಡ್‌ಬ್ಯಾಕ್ ರೆಸಿಸ್ಟರ್‌ಗಳನ್ನೇ ಟಾಗಲ್‌ನಲ್ಲಿ ಬದಲಿಸುವಂತೆ ವೈರ್ ಎಳೆದಿದ್ದೆ. ಕಾಗದದ ಮೇಲೆ ಎಲ್ಲ ಸರಿಯಿತ್ತು. ಸಾಮಾನ್ಯ ಟಾಗಲ್ ಒಂದು ಕಡೆ ಬಿಟ್ಟ ಮೇಲಷ್ಟೇ ಇನ್ನೊಂದು ಕಡೆ ಹಿಡಿಯುತ್ತದೆ ಅನ್ನುವುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ಆ ನಡುವಿನ ಕ್ಷಣದಲ್ಲಿ ಆಪ್‌ಆಂಪ್‌ಗೆ ಫೀಡ್‌ಬ್ಯಾಕೇ ಇರುವುದಿಲ್ಲ, ಲಗಾಮು ಕಿತ್ತ ಕುದುರೆ ಅದು. ಔಟ್‌ಪುಟ್ ಸೀದಾ ಸಪ್ಲೈ ವೋಲ್ಟೇಜಿಗೆ ಹೋಗಿ ಬಡಿಯುತ್ತದೆ. ಹೆಡ್‌ಫೋನ್ ಕಿವಿಯ ಮೇಲೇ ಇತ್ತು. ‘ಢಬ್’ ಅಂದ ಸದ್ದಿಗೆ ಕುರ್ಚಿಯಿಂದ ಎದ್ದೇ ಬಿಟ್ಟೆ.

ಆದ್ದರಿಂದ ಫೀಡ್‌ಬ್ಯಾಕ್ ರೆಸಿಸ್ಟರನ್ನು ಬೋರ್ಡಿನ ಮೇಲೇ ಕಾಯಂ ಆಗಿ ಬೆಸೆದು ಬಿಡಿ, ಅದರ ತಂಟೆಗೆ ಸ್ವಿಚ್ ಹೋಗಬಾರದು. ಇನ್ವರ್ಟಿಂಗ್ ಪಿನ್‌ನಿಂದ ಗ್ರೌಂಡಿಗೆ ಹೋಗುವ ರೆಸಿಸ್ಟರ್‌ನಲ್ಲಿ ಆಟ ಆಡಿ. ಉದಾಹರಣೆಗೆ ಫೀಡ್‌ಬ್ಯಾಕ್ 4.7 ಕೆ (ಕಿಲೋಓಮ್), ಗ್ರೌಂಡಿಗೂ 4.7 ಕೆ ಇದ್ದರೆ ಗೇನ್ 2 (1 + 4.7/4.7), ಅಂದರೆ 6 ಡಿಬಿ. ಗ್ರೌಂಡ್ ಕಡೆಯದಕ್ಕೆ ಸ್ವಿಚ್ ಮೂಲಕ ಇನ್ನೊಂದು 1.5 ಕೆ ಪ್ಯಾರಲಲ್ ಕೊಟ್ಟರೆ ಎರಡೂ ಸೇರಿ ಸುಮಾರು 1.14 ಕೆ ಆಗಿ, ಗೇನ್ 5ರ ಮೇಲೆ ಹೋಗುತ್ತದೆ, ಸುಮಾರು 14 ಡಿಬಿ. ಸ್ವಿಚ್ ನಡುವೆ ಸಿಕ್ಕಿಕೊಂಡರೂ, ಕಾಂಟ್ಯಾಕ್ಟ್ ಹಾಳಾದರೂ ಆಗುವುದು ಇಷ್ಟೇ: ಸದ್ದು ಕಡಿಮೆಯಾಗುತ್ತದೆ. ಕಿವಿಗೆ ಅಪಾಯವಿಲ್ಲ.

1.5 ಕೆ ರೆಸಿಸ್ಟರ್ ಆಪ್‌ಆಂಪ್‌ನ ಕಾಲಿಗೆ ಅಂಟಿಕೊಂಡೇ ಇರಲಿ, ಸ್ವಿಚ್ಚಿನ ಉದ್ದ ವೈರ್ ಅದರ ಆಚೆ ತುದಿಗೆ ಬರಲಿ. ಇನ್ವರ್ಟಿಂಗ್ ಪಿನ್‌ನಿಂದಲೇ ಮುಂಭಾಗದ ಪ್ಯಾನೆಲ್ ತನಕ ವೈರ್ ಎಳೆದರೆ ಹಮ್ಮಿಂಗ್ ಹಿಡಿಯುತ್ತದೆ, ಆಂಪ್ ಆಸಿಲೇಟ್ ಆದರೂ (ತನ್ನಷ್ಟಕ್ಕೆ ತಾನೇ ಸಿಗ್ನಲ್ ಹುಟ್ಟಿಸಿದರೂ) ಆಶ್ಚರ್ಯವಿಲ್ಲ.

ಇನ್ನು ಸ್ವಿಚ್ ಆಡಿಸಿದಾಗ ಬರುವ ‘ಟಿಕ್’ ಸದ್ದು. 5532ರ ಇನ್‌ಪುಟ್ ಕರೆಂಟ್ ಸಾಮಾನ್ಯವಾಗಿ 200 ನ್ಯಾನೋಆಂಪಿಯರ್ ಆಸುಪಾಸು. ಅದು ಇನ್‌ಪುಟ್ ಕಡೆಯ 10 ಕೆ ಓಮ್‌ನಲ್ಲಿ ಹರಿದರೆ 2 ಮಿಲಿವೋಲ್ಟ್ ಡಿಸಿ. ಗೇನ್ 2ರಲ್ಲಿ ಔಟ್‌ಪುಟ್‌ನಲ್ಲಿ 4, ಗೇನ್ 5ರಲ್ಲಿ 10. ಸ್ವಿಚ್ ಹಾಕಿದಾಗ ಈ ಜಿಗಿತವೇ ಕೇಳುವುದು. ಗ್ರೌಂಡಿಗೆ ಹೋಗುವ ದಾರಿಯಲ್ಲಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಡಿಸಿಗೆ ಗೇನ್ ಯಾವಾಗಲೂ 1 ಆಗಿರುತ್ತದೆ. ಬಾಸ್‌ಗೂ ಪೆಟ್ಟಿಲ್ಲ, ಕಟ್ಆಫ್ (ಸದ್ದು ತಗ್ಗತೊಡಗುವ ಆವರ್ತನ) ಒಂದೂವರೆ ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಒಂದು ಚಾನೆಲ್‌ನ ಎರಡು ರೆಸಿಸ್ಟರ್‌ಗೂ ಒಂದೇ ಕೆಪಾಸಿಟರ್ ಇರಬೇಕು. ಬೇರೆ ಬೇರೆ ಇಟ್ಟರೆ ಖಾಲಿ ಇರುವ ಕೆಪಾಸಿಟರ್ ಚಾರ್ಜ್ ಆಗುವಾಗ ಮತ್ತೆ ಅದೇ ‘ಟಿಕ್’.

ಈಗ ನಿಮ್ಮ ಟಾಗಲ್‌ಗೆ ಬರೋಣ. ಆಂಪಿಯರ್ ಜಾಸ್ತಿ ಇದ್ದರೆ ಗಟ್ಟಿ ಸ್ವಿಚ್ ಅಂತ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯಲ್ಲಿ ಕೊಡುತ್ತಾರೆ, ನಾವೂ ತರುತ್ತೇವೆ. ಇಲ್ಲಿ ಲೆಕ್ಕ ಉಲ್ಟಾ. ದೊಡ್ಡ ಕರೆಂಟಿನ ಸ್ವಿಚ್ಚಿಗೆ ಬೆಳ್ಳಿಯ ಕಾಂಟ್ಯಾಕ್ಟ್ ಇರುತ್ತದೆ. ಬೆಳ್ಳಿ ಕಪ್ಪಾಗುವುದು ನಮಗೆ ದೀಪದ ಕಂಬ ತಿಕ್ಕಿ ತಿಕ್ಕಿ ಗೊತ್ತೇ ಇದೆ. ಆಂಪಿಯರ್‌ಗಟ್ಟಲೆ ಕರೆಂಟ್ ಆ ಪೊರೆಯನ್ನು ಸುಟ್ಟು ದಾರಿ ಮಾಡಿಕೊಳ್ಳುತ್ತದೆ, ಮಿಲಿಆಂಪಿಯರ್ ಆಡಿಯೋ ಸಿಗ್ನಲ್‌ಗೆ ಆ ಶಕ್ತಿ ಇಲ್ಲ. ವರ್ಷವಾಗುತ್ತಲೇ ಒಂದು ಕಿವಿಯಲ್ಲಿ ಸದ್ದು ಕಮ್ಮಿ, ಕರಕರ ಶುರು. ಚಿನ್ನದ ಲೇಪನದ ಕಾಂಟ್ಯಾಕ್ಟ್ ಇರುವ ಚಿಕ್ಕ ಟಾಗಲ್ ಹುಡುಕಿ, ಡೇಟಾಶೀಟಿನಲ್ಲಿ 0.4 ವಿಎ, 20 ವೋಲ್ಟ್ ಎಂಬಂಥ ಸಣ್ಣ ರೇಟಿಂಗ್ ಇದ್ದರೆ ಹೆದರಬೇಡಿ, ಬೇಕಾದ್ದು ಅದೇ. ಸಿಗುವ ತನಕ ನಿಮ್ಮಲ್ಲಿರುವುದನ್ನೇ ಹಾಕಿ, ಆಗಾಗ ಹತ್ತಿಪ್ಪತ್ತು ಸಲ ಟಕಟಕ ಮಾಡಿ.

ಸ್ಟೀರಿಯೋ ಆದ್ದರಿಂದ ಎರಡು ಪೋಲ್ (ಒಂದೇ ಸನ್ನೆಯಲ್ಲಿ ಆಡುವ ಎರಡು ಸ್ವಿಚ್) ಬೇಕೇ ಬೇಕು, ಆರು ಕಾಲಿನದು ಸರಿಯಾಗಿದೆ. ಮೂರು ಮಟ್ಟದ ಗೇನ್ ಬೇಕಿದ್ದರೆ ನಡುವೆ ಆಫ್ ಇರುವ ಟಾಗಲ್ ತನ್ನಿ: ನಡುವೆ ಕಡಿಮೆ, ಮೇಲೆ ಮಧ್ಯಮ, ಕೆಳಗೆ ಹೆಚ್ಚು. ಕ್ರಮ ಸ್ವಲ್ಪ ವಿಚಿತ್ರ, ಅಭ್ಯಾಸವಾಗುತ್ತದೆ. ಅಗ್ಗದ ಸ್ಲೈಡ್ ಸ್ವಿಚ್ ಬೇಡ.

ಅಂದಹಾಗೆ ಒಂದೇ 9 ವೋಲ್ಟ್ ಬ್ಯಾಟರಿಯಲ್ಲಿ ಓಡಿಸುವುದಾದರೆ ಹೆಚ್ಚು ಗೇನ್‌ನ ಆಸೆ ಇಟ್ಟುಕೊಳ್ಳಬೇಡಿ. ಔಟ್‌ಪುಟ್ 3 ವೋಲ್ಟ್ ಪೀಕ್ ಮುಟ್ಟುವುದೇ ಹೆಚ್ಚು. 2 ವೋಲ್ಟ್ (ಆರ್‌ಎಂಎಸ್) ಕೊಡುವ ಡ್ಯಾಕ್‌ನ, ಅಂದರೆ ಡಿಜಿಟಲ್ ಹಾಡನ್ನು ಆಡಿಯೋ ಸಿಗ್ನಲ್ ಮಾಡುವ ಸಾಧನದ ಪೀಕೇ 2.8 ವೋಲ್ಟ್, ಹಿಗ್ಗಿಸಲು ಜಾಗವೇ ಇಲ್ಲ.

ಮುಂದೆ ಸ್ಪೀಕರ್ ಆಂಪ್ ಕಟ್ಟುವಾಗ ಇದೇ ಉಪಾಯ ಮಾಡಲು ಹೋಗಬೇಡಿ. ಎಲ್‌ಎಂ1875, ಎಲ್‌ಎಂ3886 ಎಂಬ ಸ್ಪೀಕರ್ ಆಂಪ್ ಚಿಪ್‌ಗಳೆರಡೂ ಗೇನ್ 10ಕ್ಕಿಂತ ಕೆಳಗಿಳಿದರೆ ಆಸಿಲೇಟ್ ಆಗಿ ಬಿಸಿಯೇರುತ್ತವೆ. ಅಲ್ಲಿ ಗೇನ್ ಮುಟ್ಟದೆ ಇನ್‌ಪುಟ್‌ನಲ್ಲೇ ಎರಡು ರೆಸಿಸ್ಟರ್ ಇಟ್ಟು ಸಿಗ್ನಲ್ ತಗ್ಗಿಸಿ.

ಬೆಸುಗೆ ಮುಗಿದ ಮೇಲೆ ಮೊದಲು ಮಲ್ಟಿಮೀಟರನ್ನು ಮಿಲಿವೋಲ್ಟ್ ಡಿಸಿಗೆ ಇಟ್ಟು ಔಟ್‌ಪುಟ್ ನೋಡುತ್ತಾ ಸ್ವಿಚ್ ಆಡಿಸಿ. ಅಂಕಿ ಕದಲದಿದ್ದರೆ ಒಂದು ಹಳೇ ಇಯರ್‌ಫೋನ್ ಸಿಕ್ಕಿಸಿ, ಅದನ್ನು ಮೇಜಿನ ಮೇಲೆ ಇಟ್ಟುಕೊಂಡೇ ಇನ್ನೊಮ್ಮೆ ಆಡಿಸಿ. ಆಮೇಲೆ ಕಿವಿಗೆ.