ಮನೆಯಲ್ಲೇ ಕೂತು ಫಾರ್ಸಿ ಕಲಿಯಬಹುದೇ? ಮೊದಲು ಉರ್ದು ಕಲಿತು, ವ್ಯಾಕರಣ ಮುಗಿಸಿ, ಆಮೇಲೆ ಮಾತಿಗೆ ಇಳಿಯುವುದು ಸರಿಯೇ?

ಕಲಿಯಬಹುದು. ಆದರೆ "ವ್ಯಾಕರಣ ಮುಗಿಸಿ ಆಮೇಲೆ ಮಾತು" ಅಂದಿರಲ್ಲ, ಅದನ್ನು ಓದಿ ಹೊಟ್ಟೆಯೊಳಗೆ ಸಂಕಟವಾಯಿತು. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮದು ಭಾಗಮಂಡಲದ ಹತ್ತಿರ ಸಣ್ಣ ಕಾಫಿ ತೋಟ, ಹೋಂಸ್ಟೇಗೆಂದು ಎರಡು ಕೋಣೆ. ಮೈಸೂರಿನಲ್ಲಿ ಓದುತ್ತಿದ್ದ ಇರಾನಿನ ಹುಡುಗಿಯರು ಒಮ್ಮೆ ಬಂದು ಉಳಿದಿದ್ದರು. ಅವರು ತಮ್ಮತಮ್ಮಲ್ಲೇ ಮಾತಾಡುವುದು ಕೇಳಿ ನನಗೆ ಆ ಭಾಷೆಯ ಹುಚ್ಚು ಹಿಡಿಯಿತು. ಹಳೆಯ ವ್ಯಾಕರಣದ ಪುಸ್ತಕವೊಂದು ಸಿಕ್ಕಿತು. ಮೂರು ವಾರದಲ್ಲಿ 32 ಅಕ್ಷರ ಬಂತು. ಹತ್ತು ತಿಂಗಳು ಬೆಳಿಗ್ಗೆ ಐದಕ್ಕೆದ್ದು ಕ್ರಿಯಾಪದಗಳನ್ನು ಬಾಯಿಪಾಠ ಮಾಡಿದೆ. ಕಿವಿಗೆ ಮಾತ್ರ ಒಂದು ವಾಕ್ಯವನ್ನೂ ಹಾಕಿಕೊಳ್ಳಲಿಲ್ಲ.

ಮುಂದಿನ ಜುಲೈಯಲ್ಲಿ ಅವರಲ್ಲೊಬ್ಬಳು ತಾಯಿಯನ್ನು ಕರೆದುಕೊಂಡು ಬಂದಳು. ಊರು ರಶ್ತ್, ಕ್ಯಾಸ್ಪಿಯನ್ ಸಮುದ್ರದ ಪಕ್ಕದ ಗೀಲಾನ್ ಪ್ರಾಂತ್ಯ. ನಾನು ತಯಾರಿ ಮಾಡಿಟ್ಟುಕೊಂಡಿದ್ದ ವಾಕ್ಯ ಹೇಳಿದೆ: "ಆಯಾ ಶೊಮಾ ಗಹ್ವೆ ಮೀಖಾಹೀದ್?" ನಮ್ಮ ಮನೆಗೆ ಬಂದವರಿಗೆ "ತಾವು ಕಾಫಿಯನ್ನು ಅಪೇಕ್ಷಿಸುವಿರಾ" ಅಂದಂತೆ ಅದು. ಜನ ಕೇಳುವುದು "ಗಹ್ವೆ ಮೀಖಾಯ್ನ್?" ಅಂತ ಅಷ್ಟೆ. ಆಕೆಗೆ ಎಷ್ಟು ಖುಷಿಯಾಯಿತೆಂದರೆ ನನ್ನ ಕೈ ಹಿಡಿದು ಜಗಲಿಯಲ್ಲಿ ಕೂರಿಸಿಕೊಂಡರು. ಮಗಳು ಒಳಗೆ ಮಲಗಿದ್ದಳು. ಹೊರಗೆ ಗದ್ದೆ ಕಾಣದಷ್ಟು ಮಳೆ. ಅದನ್ನೇ ನೋಡುತ್ತಾ ಆಕೆ ಸುಮಾರು ಒಂದು ಗಂಟೆ ಮಾತಾಡಿದರು, ನಡುವೆ ಕಣ್ಣೊರೆಸಿಕೊಂಡರು. ನನಗೆ ತಿಳಿದದ್ದು "ದೊಖ್ತರಮ್" ಒಂದೇ, ನನ್ನ ಮಗಳೇ ಅಂತ. ಉಳಿದದ್ದಕ್ಕೆಲ್ಲ ತಲೆಯಾಡಿಸಿದೆ. ಮರುದಿನ ಬೆಳಿಗ್ಗೆ ಹೊರಟುಹೋದರು. ಓದು ಮುಗಿಸಿ ಮಗಳೂ ಇರಾನಿಗೆ ಹೋದಳು. ಅವಳ ಇಲ್ಲಿನ ನಂಬರು ಈಗ ಇಲ್ಲ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾವ ಪುಸ್ತಕವೂ ಮೊದಲ ಪುಟದಲ್ಲಿ ಇದನ್ನು ನನಗೆ ಹೇಳಲಿಲ್ಲ. ಬರೆಯುವ ಫಾರ್ಸಿ ಬೇರೆ, ಆಡುವ ಫಾರ್ಸಿ ಬೇರೆ. ಬರಹದ "ಆನ್" ಬಾಯಿಯಲ್ಲಿ ಬಹಳ ಕಡೆ "ಊನ್" ಆಗುತ್ತದೆ. ರೊಟ್ಟಿಗೆ ನಾನ್ ಅಲ್ಲ, ನೂನ್. ಮನೆಗೆ ಖಾನೆ ಅಲ್ಲ, ಖೂನೆ. ಹೋಗುತ್ತೇನೆ ಅನ್ನುವ "ಮೀರವಮ್" ಸವೆದು "ಮೀರಮ್" ಆಗುತ್ತದೆ. ನನಗೆ ಪ್ರತಿ ಪದವೂ ಗೊತ್ತಿತ್ತು, ಆಕೆಯ ಬಾಯಲ್ಲಿ ಬಂದ ರೂಪದಲ್ಲಿ ಮಾತ್ರ ಒಂದೂ ಗೊತ್ತಿರಲಿಲ್ಲ. ಮನೆಯಲ್ಲಿ ಅರೆಭಾಷೆ ಆಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತು ಬೆಳೆದವಳು ನಾನು. ಬೇರೆ ಯಾರಿಗೆ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು.

ಎರಡು ವರ್ಷದ ನಂತರ ಫೋನಿನಲ್ಲಿ ಇರಾನಿನ ಧಾರಾವಾಹಿಯೊಂದನ್ನು ನೋಡುತ್ತಿದ್ದೆ. ಒಬ್ಬಳು ಕಿಟಕಿ ತೆರೆದು "ಬಾರೂನ್ ಮಿಯಾದ್" ಅಂದಳು. ಕೂತಲ್ಲಿಂದ ಎದ್ದುಬಿಟ್ಟೆ. ಆ ತಾಯಿ ಜಗಲಿಯಲ್ಲಿ ಮತ್ತೆಮತ್ತೆ ಹೇಳಿದ್ದು ಅದೇ. ಪುಸ್ತಕದಲ್ಲಿ "ಬಾರಾನ್ ಮೀಆಯದ್" ಅಂತ ನಾನೇ ನೂರು ಸಲ ಬರೆದಿದ್ದೆ: ಮಳೆ ಬರುತ್ತೆ. ನಾವು ಹೇಳುವ ಹಾಗೇ ಅವರಿಗೂ ಮಳೆ "ಬರುತ್ತದೆ". ರಶ್ತ್‌ಗೆ ಇರಾನಿನವರು ಮಳೆಯ ಊರು ಅನ್ನುತ್ತಾರೆ, ಅಲ್ಲೂ ಸುತ್ತ ಭತ್ತದ ಗದ್ದೆ. ಆಕೆ ನೆನೆದದ್ದು ತನ್ನ ಊರನ್ನು ಅಂತ ಈಗ ಅನ್ನಿಸುತ್ತದೆ. "ಖೂನಮೂನ್" ಅಂದದ್ದೂ ನೆನಪಾಗುತ್ತದೆ, ನಮ್ಮ ಮನೆ.

ಹಾಗಾಗಿ ಮೊದಲ ದಿನದಿಂದಲೇ ಕೇಳಿ. ಅರ್ಥವಾಗದಿದ್ದರೂ ದಿನಕ್ಕೆ ಅರ್ಧ ಗಂಟೆ ಜನ ಮಾತಾಡುವುದನ್ನು ಕೇಳಿ, ಸುದ್ದಿ ವಾಚನವನ್ನಲ್ಲ. ಸುದ್ದಿ ಪುಸ್ತಕದ ಭಾಷೆಯಲ್ಲೇ ಇರುತ್ತದೆ. ಪ್ರತಿ ಪದದ ಎದುರು ಎರಡು ರೂಪ ಬರೆದಿಡಿ. ಅಕ್ಷರವನ್ನೂ ಬಿಡಬೇಡಿ, ಕನ್ನಡದಲ್ಲಿ ಬರೆದುಕೊಂಡು ಸಾಗಹಾಕಬೇಡಿ. ಹ್ರಸ್ವ ಸ್ವರಗಳನ್ನು ಅವರು ಸಾಮಾನ್ಯವಾಗಿ ಬರೆಯುವುದಿಲ್ಲ, ಹುಳು ಎಂಬ "ಕೆರ್ಮ್", ಔದಾರ್ಯ ಎಂಬ "ಕರಮ್" ಎರಡಕ್ಕೂ ಬರಹ ಒಂದೇ. ಓದಿಓದಿಯೇ ಕಣ್ಣಿಗೆ ರೂಢಿಯಾಗಬೇಕು.

ಉರ್ದು ಬೇಡವೇ ಬೇಡ. ಅದರಲ್ಲಿ ನಾಮಪದಕ್ಕೆಲ್ಲ ಲಿಂಗ, ಫಾರ್ಸಿಯಲ್ಲಿ ಅದಿಲ್ಲ. ಅವನು, ಅವಳು ಎರಡಕ್ಕೂ "ಊ" ಒಂದೇ. ಸಿಂಹ ಮತ್ತು ಹಾಲು ಉರ್ದುವಿನಲ್ಲಿ ಶೇರ್, ಶೀರ್. ಇರಾನಿನಲ್ಲಿ ಎರಡೂ ಶೀರ್. ಬಳಸುದಾರಿ ಯಾಕೆ? ಕನ್ನಡವೇ ಸಾಕು. ಕ್ರಿಯಾಪದ ಅವರಿಗೂ ವಾಕ್ಯದ ಕೊನೆಯಲ್ಲಿ. "ಪುಸ್ತಕ ಓದಿದೆ", "ಪುಸ್ತಕವನ್ನು ಓದಿದೆ" ಎರಡರ ವ್ಯತ್ಯಾಸ ನಿಮಗೆ ಗೊತ್ತಲ್ಲ, ಆ "ಅನ್ನು" ಅವರಿಗೆ "ರಾ". ಇಂಗ್ಲಿಷಿನ ಪಾಠಗಳು ಪುಟಗಟ್ಟಲೆ ವಿವರಿಸುವುದನ್ನು ನಾನು ಒಂದು ಸಂಜೆಯಲ್ಲಿ ಕಲಿತೆ. ಪದಗಳೋ, ತಾಲ್ಲೂಕು ಕಚೇರಿಯಲ್ಲೇ ಸಿಗುತ್ತವೆ. ಜಮೀನು ಅಲ್ಲಿ "ಜಮೀನ್", ಜಕಾರ ಮಾತ್ರ ಝೇಂಕರಿಸಬೇಕು. ದರಖಾಸ್ತು "ದರ್‌ಖಾಸ್ತ್", ಬರೀ ಕೋರಿಕೆ ಅಂತ ಅರ್ಥ. ಶಿರಸ್ತೇದಾರ್ ಮೂಲದಲ್ಲಿ "ಸರ್", "ರಿಶ್ತೆ", "ದಾರ್": ತಲೆ, ದಾರ, ಹಿಡಿದವನು.

ಈ ಮಳೆಗಾಲದಲ್ಲೇ ಶುರುಮಾಡಿ. ಮೊದಲ ವಾಕ್ಯ ಹೇಗೂ ಮೇಲೆ ಕೊಟ್ಟಿದ್ದೇನೆ, ಆಡುವ ರೂಪದಲ್ಲೇ.