‘ಮುಚ್ಚಲ್ಪಟ್ಟಿತು’ ಎಂದು ಬರೆದವರಿಗೆ

ಪ್ರಿಯ ಲೇಖಕರೇ,

ನಿಮ್ಮ ‘ಸೋಲೇ ಗೆಲುವಿನ ಮೆಟ್ಟಿಲು’ ಲೇಖನವನ್ನು ಎರಡು ಸಲ ಓದಿದೆ. ಪ್ರಕಟಿಸುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ಸಾಲಿನವರೆಗೂ ಆಸೆ ಹುಟ್ಟಿಸಿ ಓದಿಸುವುದು ನಮ್ಮಂಥ ಸಂಪಾದಕರ ಹಳೆಯ ಕೆಟ್ಟ ಚಾಳಿ.

ಮರಳಿಸುವ ಲೇಖನದ ಜೊತೆ ಸಾಮಾನ್ಯವಾಗಿ ಎರಡು ಸಾಲು ಬರೆದು ಮುಗಿಸುತ್ತೇನೆ. ಈ ಸಲ ಉದ್ದವಾಗಲು ಕಾರಣ ನೀವು ಜೊತೆಗಿಟ್ಟಿದ್ದ ಚೀಟಿ. ‘ಇದು ನಿಮಗೆ ಕಳಿಸುತ್ತಿರುವ ನಾಲ್ಕನೇ ಬರಹ. ಇದೂ ಆಗದಿದ್ದರೆ ಬರೆಯುವುದನ್ನೇ ಬಿಡುತ್ತೇನೆ. ಮುಂದುವರಿಸಲೋ ಬಿಡಲೋ, ನೇರವಾಗಿ ಹೇಳಿ’ ಎಂದಿದ್ದೀರಿ. ಲೇಖನದ ಐದೂ ಪುಟಗಳು ‘ಎಂದಿಗೂ ಬಿಡಬೇಡಿ’ ಎನ್ನುತ್ತಿವೆ. ಅದನ್ನು ಬರೆದ ಕೈಯೇ ಚೀಟಿಯಲ್ಲಿ ‘ಬಿಡಲೇ?’ ಎಂದು ಕೇಳುತ್ತಿದೆ. ನನಗೆ ಚೀಟಿಯ ಮೇಲೆ ನಂಬಿಕೆ ಬಂತು. ಲೇಖನದ ಮೇಲೆ ಬರಲಿಲ್ಲ.

ಎಡಿಸನ್‌ನಿಂದ ಶುರುಮಾಡಿದ್ದೀರಿ. ಬಲ್ಬು ಉರಿಯುವ ಮುಂಚೆ ಹತ್ತು ಸಾವಿರ ಸಲ ಸೋತ, ಆದರೂ ಕೈಚೆಲ್ಲಲಿಲ್ಲ ಎಂಬ ಕತೆ. ನನ್ನ ಮೇಜಿಗೆ ಬರುವ ಇಂಥ ಲೇಖನಗಳಲ್ಲಿ ಈ ಕತೆ ಇಲ್ಲದ್ದೇ ಅಪರೂಪ. ಸಂಖ್ಯೆ ಮಾತ್ರ ಒಂದು ಸಾವಿರದಿಂದ ಹತ್ತು ಸಾವಿರದವರೆಗೆ, ಬರೆಯುವವರ ಉತ್ಸಾಹಕ್ಕೆ ತಕ್ಕಂತೆ ಏರಿಳಿಯುತ್ತದೆ. ಆತ ಬದುಕಿದ್ದಾಗಲೇ, 1910ರಲ್ಲಿ ಬಂದ ಜೀವನಚರಿತ್ರೆಯಲ್ಲಿ ಈ ಮಾತಿನ ಹಳೆಯ ರೂಪ ಸಿಗುತ್ತದೆ. ಅಲ್ಲಿ ಅದು ಬಲ್ಬಿನ ಕತೆಯಾಗಿಲ್ಲ, ಬ್ಯಾಟರಿಯ ಕತೆಯಾಗಿದೆ. ಒಂಬತ್ತು ಸಾವಿರಕ್ಕೂ ಹೆಚ್ಚು ಪ್ರಯೋಗ ಮಾಡಿಯೂ ಫಲ ಕಾಣಲಿಲ್ಲವಲ್ಲ ಎಂದು ಜೊತೆಗಾರನೊಬ್ಬ ಮರುಗಿದಾಗ, ಫಲ ಬೇಕಾದಷ್ಟು ಸಿಕ್ಕಿದೆ, ಯಾವುದೆಲ್ಲ ಕೆಲಸಕ್ಕೆ ಬಾರದು ಎನ್ನುವುದು ಈಗ ಗೊತ್ತಾಗಿದೆ ಎಂಬ ಅರ್ಥದ ಉತ್ತರ ಕೊಡುತ್ತಾನೆ. ಕೇಳಿದ ಕತೆಯನ್ನು ಒಮ್ಮೆ ಮೂಲಕ್ಕೆ ಹೋಗಿ ನೋಡಿ ಬರೆಯುವುದು ನಿಮ್ಮ ಕೆಲಸ, ಓದುಗನದಲ್ಲ.

ಆದರೆ ಅದು ಸಣ್ಣ ತಕರಾರು. ನಿಮ್ಮ ವಿಷಯಕ್ಕೆ ನಿಜವಾಗಿ ಬೇಕಾಗಿದ್ದ ಎಡಿಸನ್ ಬೇರೆಯೇ ಇದ್ದಾನೆ. 1890ರ ದಶಕದ ಬಹುಭಾಗವನ್ನು ಆತ ನ್ಯೂಜೆರ್ಸಿಯ ಆಗ್ಡೆನ್ ಎಂಬಲ್ಲಿ ಕಲ್ಲು ಪುಡಿಮಾಡುತ್ತ ಕಳೆದ. ಕಬ್ಬಿಣದ ಅಂಶ ಕಡಿಮೆ ಇರುವ ಬಂಡೆಯನ್ನು ಪುಡಿಮಾಡಿ, ಆಯಸ್ಕಾಂತದಿಂದ ಕಬ್ಬಿಣ ಬೇರ್ಪಡಿಸುವ ಯೋಜನೆ. ಭಾರಿ ಯಂತ್ರಗಳು, ಭಾರಿ ಖರ್ಚು. ಸ್ವಂತ ದುಡ್ಡನ್ನೂ ಸುರಿದ. ಯಂತ್ರ ಕೆಡುವುದು, ಸರಿಪಡಿಸುವುದು, ಮತ್ತೆ ಕೆಡುವುದು ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಮಿನೆಸೋಟಾದ ಮೆಸಾಬಿ ಬೆಟ್ಟಸಾಲಿನಿಂದ ಹೇರಳವಾಗಿ, ಅಗ್ಗವಾಗಿ, ಒಳ್ಳೆಯ ಅದಿರು ಮಾರುಕಟ್ಟೆಗೆ ಬಂತು. ಎಡಿಸನ್ ಗಿರಣಿ ಮುಚ್ಚಿದ. ಬಂಡೆ ಪುಡಿಮಾಡಿ ಕಲಿತದ್ದನ್ನು ಸಿಮೆಂಟ್ ತಯಾರಿಕೆಗೆ ಒಯ್ದ.

ಈ ಎರಡು ಕತೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬ್ಯಾಟರಿಯ ವಿಷಯದಲ್ಲಿ ಪ್ರತಿ ಸೋಲೂ ಒಂದು ವಸ್ತುವನ್ನು ಪಟ್ಟಿಯಿಂದ ಹೊಡೆದುಹಾಕುತ್ತಿತ್ತು; ಹುಡುಕಬೇಕಾದ ಜಾಗ ಕಿರಿದಾಗುತ್ತ ಬರುತ್ತಿತ್ತು. ಅದಿರಿನ ವಿಷಯದಲ್ಲಿ ಯಂತ್ರವನ್ನು ಎಷ್ಟು ಸುಧಾರಿಸಿದರೂ ಉತ್ತರ ಸಿಗುವಂತಿರಲಿಲ್ಲ, ಏಕೆಂದರೆ ತೊಂದರೆ ಗಿರಣಿಯ ಒಳಗಿರಲಿಲ್ಲ. ಅದೇ ಮನುಷ್ಯ, ಅದೇ ಹಟ. ಒಂದನ್ನು ಹಿಡಿದ, ಒಂದನ್ನು ಬಿಟ್ಟ. ಯಾಕೆ ಎಂದು ನೀವು ಕೇಳಿದ್ದರೆ ನಿಮಗೆ ಒಂದು ಲೇಖನ ಸಿಗುತ್ತಿತ್ತು. ನೀವು ಕೇಳದೆ ಮುಂದಿನ ಮಹಾಪುರುಷನತ್ತ ಓಡಿದ್ದೀರಿ.

ಕುತೂಹಲಕ್ಕೆಂದು ಪೆನ್ಸಿಲ್ ಹಿಡಿದು ಎಣಿಸಿದೆ. ಲೇಖನದಲ್ಲಿ ‘ಛಲ’ ಇಪ್ಪತ್ಮೂರು ಸಲ ಬಂದಿದೆ. ‘ಹಟ’ ಒಮ್ಮೆಯೂ ಇಲ್ಲ. ನಮ್ಮ ಭಾಷೆ ಈ ಎರಡನ್ನೂ ಬೇರೆಬೇರೆ ಇಟ್ಟುಕೊಂಡಿದೆ, ಆದರೆ ನಾವು ಅವನ್ನು ಬಳಸುವ ರೀತಿ ವಿಚಿತ್ರ: ಗೆದ್ದವನದ್ದು ಛಲ, ಸೋತವನದ್ದು ಹಟ. ಫಲಿತಾಂಶ ಬಂದಮೇಲೆ ಹೆಸರಿಡುತ್ತೇವೆ. ದಾರಿಯ ನಡುವೆ ನಿಂತವನಿಗೆ ಅದರಿಂದ ಏನು ಉಪಯೋಗ? ಹಾಗೆಯೇ ‘ಕೈಚೆಲ್ಲುವುದು’, ‘ಕೈಬಿಡುವುದು’, ‘ಕೈತೊಳೆದುಕೊಳ್ಳುವುದು’. ಮೂರನ್ನೂ ನೀವು ಒಂದೇ ಎಂಬಂತೆ ಬಳಸಿದ್ದೀರಿ. ಕೈಚೆಲ್ಲುವವನು ದಣಿದಿರುತ್ತಾನೆ. ಕೈತೊಳೆದುಕೊಳ್ಳುವವನು ಜವಾಬ್ದಾರಿಯಿಂದ ಜಾರಿಕೊಳ್ಳುತ್ತಿರುತ್ತಾನೆ. ಕೈಬಿಡುವವನು ಮಾತ್ರ ಲೆಕ್ಕ ಹಾಕಿ, ಹಿಡಿದಿದ್ದ ಬೆರಳನ್ನು ತಾನೇ ಸಡಿಲಿಸುತ್ತಾನೆ. ನಿಮ್ಮ ವಿಷಯ ಪೂರ್ತಿಯಾಗಿ ಈ ಮೂರರ ನಡುವಿನ ಅಂತರದಲ್ಲೇ ಇದೆ.

ಮೂರನೇ ಪುಟದಲ್ಲಿ, ಕೋವಿಡ್ ಲಸಿಕೆಗೆ ದಾರಿಮಾಡಿಕೊಟ್ಟ ವಿಜ್ಞಾನಿ ಕತಾಲಿನ್ ಕಾರಿಕೊ ಅವರ ಬಗ್ಗೆ ಎರಡೇ ವಾಕ್ಯ: 1995ರಲ್ಲಿ ವಿಶ್ವವಿದ್ಯಾಲಯ ಹುದ್ದೆಯಿಂದ ಕೆಳಗಿಳಿಸಿತು, ಅವರು ಬಿಡಲಿಲ್ಲ, 2023ರಲ್ಲಿ ನೊಬೆಲ್ ಬಂತು. ಇಸವಿಗಳು ಸರಿ. ಆದರೆ ನಡುವಿನ ಇಪ್ಪತ್ತೆಂಟು ವರ್ಷ ಎಲ್ಲಿ ಹೋಯಿತು? ಯಾವ ಪ್ರೋಟೀನ್ ಕಟ್ಟಬೇಕೆಂದು ಜೀವಕೋಶಕ್ಕೆ ಹೇಳುವ ಅಣು ಎಂಆರ್‌ಎನ್‌ಎ. ಪ್ರಯೋಗಾಲಯದಲ್ಲಿ ತಯಾರಿಸಿದ ಎಂಆರ್‌ಎನ್‌ಎ ಕೊಟ್ಟರೆ ಜೀವಕೋಶಗಳು ಅದನ್ನು ಶತ್ರುವೆಂದು ತಿಳಿದು ಉರಿಯೂತ ಎಬ್ಬಿಸುತ್ತಿದ್ದವು. ಅದೇ ಬಗೆಯ ಇನ್ನೊಂದು ಅಣು, ಟಿಆರ್‌ಎನ್‌ಎ, ಹಾಗೆ ಮಾಡುತ್ತಿರಲಿಲ್ಲ. ಯಾಕಿರಬಹುದು ಎಂದು ಅವರೂ ಸಹೋದ್ಯೋಗಿ ಡ್ರೂ ವೈಸ್‌ಮನ್ ಅವರೂ ಬೆನ್ನುಹತ್ತಿದರು. ಟಿಆರ್‌ಎನ್‌ಎಯ ಘಟಕಗಳಲ್ಲಿ ಸಣ್ಣಪುಟ್ಟ ಮಾರ್ಪಾಡುಗಳು ಹೇರಳವಾಗಿರುತ್ತವೆ. ಅದೇ ಉಪಾಯವನ್ನು ಎಂಆರ್‌ಎನ್‌ಎಗೂ ಮಾಡಿದಾಗ ಉರಿಯೂತ ತಗ್ಗಿತು. 2005ರಲ್ಲಿ ಆ ಪ್ರಬಂಧ ಬಂತು. ಅಂದರೆ ಅವರು ಒಂದೇ ಬಾಗಿಲನ್ನು ಇಪ್ಪತ್ತೆಂಟು ವರ್ಷ ಬಡಿಯುತ್ತ ಕೂತಿರಲಿಲ್ಲ. ಅನುದಾನ ಕೊಡುವವರು ಬೇಡ ಬೇಡ ಎನ್ನುತ್ತಿದ್ದಾಗಲೂ ಪ್ರಯೋಗ ಮಾತ್ರ ಮಾತಾಡುತ್ತಿತ್ತು; ಪ್ರಶ್ನೆ ಬದಲಾಗುತ್ತ, ಚಿಕ್ಕದಾಗುತ್ತ ಬರುತ್ತಿತ್ತು.

ಇಲ್ಲೂ ಒಂದು ಮುಳ್ಳು ಉಳಿಯುತ್ತದೆ, ಅದನ್ನು ನೀವು ಮುಚ್ಚಿಡಬಾರದು. 1995ರಲ್ಲಿ ಕೂತು ಇದು ಗೆಲ್ಲುತ್ತದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಅಷ್ಟೇ ನಿಷ್ಠೆಯಿಂದ, ಅಷ್ಟೇ ಬುದ್ಧಿಯಿಂದ ಒಂದು ತಪ್ಪು ಊಹೆಯ ಹಿಂದೆ ಆಯುಷ್ಯ ಕಳೆದವರೂ ಇರುತ್ತಾರೆ. ಅವರ ಜೀವನಚರಿತ್ರೆಯನ್ನು ಯಾರೂ ಬರೆಯುವುದಿಲ್ಲ, ಆದ್ದರಿಂದ ಅವರು ನಿಮ್ಮ ಲೇಖನಕ್ಕೆ ಸಿಗುವುದಿಲ್ಲ. ಗೆದ್ದವರನ್ನಷ್ಟೇ ಸಾಲಾಗಿ ನಿಲ್ಲಿಸಿ ‘ಇವರ್‍ಯಾರೂ ಬಿಡಲಿಲ್ಲ, ನೋಡಿ’ ಎನ್ನುವುದು, ಲಾಟರಿ ಹೊಡೆದವರನ್ನು ಕರೆದು ಟಿಕೆಟ್ ಕೊಳ್ಳುವುದು ಒಳ್ಳೆಯದೇ ಎಂದು ಕೇಳಿದ ಹಾಗೆ.

ಈಗ ನಿಮ್ಮ ನಾಲ್ಕನೇ ಪುಟ. ಇದೊಂದಕ್ಕಾಗಿಯೇ ಲೇಖನವನ್ನು ಎರಡನೇ ಸಲ ಓದಿದ್ದು.

ಅಲ್ಲಿ ಆರು ಸಾಲುಗಳಲ್ಲಿ ನಿಮ್ಮ ಫೋಟೋ ಸ್ಟುಡಿಯೊ ಬಂದು ಹೋಗುತ್ತದೆ. ನಾಲ್ಕು ವರ್ಷ ನಡೆಸಿದಿರಿ. ಎಲ್ಲರ ಕೈಗೂ ಮೊಬೈಲ್ ಬಂತು, ಜನ ಕಡಿಮೆಯಾದರು. ‘ಕೊನೆಗೆ ಸ್ಟುಡಿಯೊ ಮುಚ್ಚಲ್ಪಟ್ಟಿತು.’ ಆಮೇಲೆ, ನೀವೇ ಗಮನಿಸದೆ ಬರೆದಂತಿರುವ ಒಂದು ಸಾಲು: ‘ಒಳಗೆ ಏನೂ ಉಳಿದಿರಲಿಲ್ಲ, ಆದರೂ ಬೀಗ ಹಾಕಿ, ಎರಡು ಸಲ ಎಳೆದು ನೋಡಿದೆ.’ ಮರುಪ್ಯಾರಾದಲ್ಲಿ ಮತ್ತೆ ಛಲ, ಮತ್ತೆ ಮಹಾಪುರುಷರು.

‘ಮುಚ್ಚಲ್ಪಟ್ಟಿತು’! ಯಾರು ಮುಚ್ಚಿದ್ದು? ಈ ‘ಲ್ಪಟ್ಟಿತು’ ನಮ್ಮ ಬರವಣಿಗೆಗೆ ಅಂಟಿಕೊಂಡ ರೋಗ ಎಂದು ಹೊಸಬರಿಗೆಲ್ಲ ಹೇಳುತ್ತಿರುತ್ತೇನೆ. ಆದರೆ ಇಲ್ಲಿ ಅದು ಬರೀ ಶೈಲಿಯ ದೋಷ ಆಗಿ ಉಳಿದಿಲ್ಲ. ಯಾವಾಗ ಬಿಡಬೇಕು ಎಂಬ ತೀರ್ಮಾನದ ಬಗ್ಗೆ ಐದು ಪುಟ ಬರೆದಿದ್ದೀರಿ. ನೀವೇ ಮಾಡಿದ ಒಂದೇ ಒಂದು ತೀರ್ಮಾನ ಬಂದಾಗ ವ್ಯಾಕರಣದ ಹಿಂದೆ ಅಡಗಿಕೊಂಡಿದ್ದೀರಿ. ‘ಮುಚ್ಚಿದೆ’ ಎಂದು ಬರೆದು ನೋಡಿ. ಬರೆದ ತಕ್ಷಣ ಮುಂದಿನ ಪ್ರಶ್ನೆಗಳು ಸಾಲುಗಟ್ಟಿ ನಿಲ್ಲುತ್ತವೆ. ಯಾವ ದಿನ? ಅದಕ್ಕೂ ಆರು ತಿಂಗಳ ಹಿಂದೆ ಯಾಕೆ ಮುಚ್ಚಲಿಲ್ಲ? ಮನೆಯಲ್ಲಿ ಮೊದಲು ಯಾರಿಗೆ ಹೇಳಿದಿರಿ? ಹೇಳಿದಾಗ ಅವರಿಗೆ ಆಶ್ಚರ್ಯವಾಯಿತೇ, ಅಥವಾ ನಿಮಗಿಂತ ಮೊದಲೇ ಗೊತ್ತಿತ್ತೇ?

‘ನಾಲ್ಕು ವರ್ಷ ಹಾಕಿದ್ದನ್ನು ಹೇಗೆ ಬಿಡಲಿ ಎನಿಸಿತು’ ಎಂದೂ ಒಂದು ಕಡೆ ಇದೆ. ಅದನ್ನು ಹಿಗ್ಗಿಸಬಹುದಿತ್ತು. 1985ರಲ್ಲಿ ಆರ್ಕೆಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಸಂಶೋಧಕರು ಕೆಲವರ ಮುಂದೆ ಒಂದು ಸನ್ನಿವೇಶ ಇಟ್ಟರು: ನೀವು ನೂರು ಡಾಲರಿನ ಒಂದು ಪ್ರವಾಸಕ್ಕೂ ಐವತ್ತು ಡಾಲರಿನ ಇನ್ನೊಂದಕ್ಕೂ ಟಿಕೆಟ್ ಕೊಂಡಿದ್ದೀರಿ, ಎರಡನೆಯದೇ ಹೆಚ್ಚು ಖುಷಿ ಕೊಡುತ್ತದೆ ಎಂದು ನಿಮಗೆ ಅನಿಸಿದೆ, ಆದರೆ ಎರಡೂ ಒಂದೇ ವಾರಾಂತ್ಯಕ್ಕೆ ಬಿದ್ದಿವೆ, ಯಾವುದನ್ನೂ ವಾಪಸ್ ಮಾಡುವಂತಿಲ್ಲ. ಯಾವುದಕ್ಕೆ ಹೋಗುತ್ತೀರಿ? ಅರ್ಧಕ್ಕೂ ಹೆಚ್ಚು ಜನ ನೂರು ಡಾಲರಿನದ್ದಕ್ಕೆ ಎಂದರು. ಎರಡೂ ದುಡ್ಡು ಆಗಲೇ ಹೋಗಿತ್ತು. ಉಳಿದಿದ್ದ ಪ್ರಶ್ನೆ ವಾರಾಂತ್ಯ ಹೇಗೆ ಕಳೆಯಬೇಕು ಎಂಬುದಷ್ಟೇ. (ನಷ್ಟವೆಂದು ಗೊತ್ತಿದ್ದೂ, ಸುರಿದ ದುಡ್ಡಿನ ಮೋಹಕ್ಕೆ ಮುಂದುವರಿಸಿದರು ಎನ್ನುವ ಕಾಂಕಾರ್ಡ್ ವಿಮಾನದ ಉದಾಹರಣೆಯನ್ನು ದಯವಿಟ್ಟು ಹಾಕಬೇಡಿ. ಅದು ಎಡಿಸನ್ನಿನ ಬಲ್ಬಿನಷ್ಟೇ ಸವೆದಿದೆ.) ಇದೆಲ್ಲ ಗೊತ್ತಿದ್ದರೆ ಬಿಡುವುದು ಸುಲಭವಾಗುತ್ತದೆ ಎಂದು ಮಾತ್ರ ಬರೆಯಬೇಡಿ. ಆಗುವುದಿಲ್ಲ. ನನಗೆ ಗೊತ್ತಿತ್ತು, ಆಗಲಿಲ್ಲ. ಆ ಮಾತಿಗೆ ಮತ್ತೆ ಬರುತ್ತೇನೆ.

ಬೆಟ್ಟ ಹತ್ತುವವರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ: ಹಿಂದಿರುಗುವ ಹೊತ್ತನ್ನು ಕೆಳಗಿನ ಶಿಬಿರದಲ್ಲೇ ನಿಗದಿ ಮಾಡುವುದು. ಶಿಖರ ಕಣ್ಣಿಗೆ ಬಿದ್ದಮೇಲೆ ಯಾರ ಬುದ್ಧಿಯೂ ನೆಟ್ಟಗಿರುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ. ಯೊರಾನ್ ಕ್ರೋಪ್ ಎಂಬಾತ ಸ್ವೀಡನ್ನಿನಿಂದ ಸೈಕಲ್ ತುಳಿದುಕೊಂಡು ಎವರೆಸ್ಟ್‌ನತ್ತ ಬಂದವನು. 1996ರ ಮೇ 3ರಂದು ಶಿಖರ ಇನ್ನು ನೂರು ಮೀಟರಿನಷ್ಟು ಇರುವಾಗ, ಹೊತ್ತು ಮೀರಿತು, ಈಗ ಹತ್ತಿದರೆ ಇಳಿಯುವ ಶಕ್ತಿ ಇರುವುದಿಲ್ಲ ಎಂದು ತಿರುಗಿಬಿಟ್ಟ. ಒಂದು ವಾರದ ನಂತರ, ಮೇ 10 ಮತ್ತು 11ರಂದು, ಅದೇ ಬೆಟ್ಟದಲ್ಲಿ ಬಿರುಗಾಳಿಗೆ ಸಿಕ್ಕಿ 8 ಮಂದಿ ಸತ್ತರು. ಗೊತ್ತುಮಾಡಿದ್ದ ಹೊತ್ತು ಮೀರಿಯೂ ಮೇಲೆ ಹೋದವರು ಅವರಲ್ಲಿದ್ದರು. ಕ್ರೋಪ್ ಮೇ 23ರಂದು ಮತ್ತೆ ಹತ್ತಿ ಶಿಖರ ಮುಟ್ಟಿದ. ಈ ಕತೆ ಬರೆಯುವಾಗ ನಿಮ್ಮ ಕೈ ಮೇ 23ರ ಕಡೆಗೇ ಎಳೆಯುತ್ತದೆ, ಎಳೆಯಲು ಬಿಡಬೇಡಿ. ಮೇ 23 ಬಾರದೇ ಹೋಗಿದ್ದರೂ ಮೇ 3ರ ತೀರ್ಮಾನ ಸರಿಯೇ. ಅವತ್ತು ಅವನಿಗೆ ಗೊತ್ತಿದ್ದ ಸಂಗತಿಗಳಿಂದ ಅದನ್ನು ಅಳೆಯಬೇಕು.

ನಿಮ್ಮ ಸ್ಟುಡಿಯೊಗೆ ಅಂಥ ಗೆರೆ ಇತ್ತೇ? ಇಷ್ಟು ತಿಂಗಳು ಬಾಡಿಗೆ ಹುಟ್ಟದಿದ್ದರೆ ಮುಚ್ಚುತ್ತೇನೆ ಎಂದು ಮೊದಲೇ ಎಲ್ಲಾದರೂ ಬರೆದಿಟ್ಟಿದ್ದಿರೇ? ಇಟ್ಟಿದ್ದರೆ, ಆ ತಿಂಗಳು ಬಂದಾಗ ಗೆರೆಯನ್ನು ಮುಂದಕ್ಕೆ ಸರಿಸಿದಿರೇ? ಸರಿಸಿಯೇ ಇರುತ್ತೀರಿ ಎಂದು ನನ್ನ ಊಹೆ. ಎಷ್ಟು ಸಲ ಸರಿಸಿದಿರಿ ಎಂಬುದನ್ನು ನಾಚಿಕೆಯಿಲ್ಲದೆ ಬರೆದರೆ, ಎಡಿಸನ್ನಿನ ಹತ್ತು ಸಾವಿರಕ್ಕಿಂತ ಆ ಸಂಖ್ಯೆ ಓದುಗನಿಗೆ ಹತ್ತಿರವಾಗುತ್ತದೆ.

ಇನ್ನು ಚೀಟಿಯ ಪ್ರಶ್ನೆ. ಮುಂದುವರಿಸಲೋ, ಬಿಡಲೋ?

ಇದಕ್ಕೆ ಉತ್ತರ ಹೇಳುವ ಅಧಿಕಾರ ಒಬ್ಬ ಸಂಪಾದಕನಿಗೆ ಇಲ್ಲ, ಇದ್ದಂತೆ ನಟಿಸುವವರನ್ನು ನಂಬಬೇಡಿ. ನಾನು ಬೇಡ ಎನ್ನುವುದಕ್ಕೆ ಹತ್ತು ಕಾರಣಗಳಿರುತ್ತವೆ. ಅದೇ ವಿಷಯದ ಬರಹ ಹೋದ ತಿಂಗಳಷ್ಟೇ ಬಂದಿರುತ್ತದೆ, ಪುಟ ತುಂಬಿರುತ್ತದೆ, ಒಮ್ಮೊಮ್ಮೆ ನನ್ನ ತಲೆಯೇ ಸರಿಯಿರುವುದಿಲ್ಲ. ಅಂಥ ನಿರಾಕರಣೆಯಿಂದ ನೀವು ಕಲಿಯುವುದು ಏನೂ ಇಲ್ಲ. ಹಾಗಾಗಿ ನಿರಾಕರಣೆಗಳ ಲೆಕ್ಕ ಇಡುವುದನ್ನು ಬಿಟ್ಟು ತಪ್ಪುಗಳ ಲೆಕ್ಕ ಇಡಿ.

ನಿಮ್ಮ ಹಿಂದಿನ ಮೂರೂ ಬರಹಗಳು ನನ್ನ ಕಡತದಲ್ಲಿದ್ದವು, ತೆಗೆದು ನೋಡಿದೆ. ಮೊದಲನೆಯದು ಸಮಯಪಾಲನೆಯ ಬಗ್ಗೆ, ಎರಡನೆಯದು ಗೆಳೆತನ, ಮೂರನೆಯದು ತಾಳ್ಮೆ. ನಾಲ್ಕರಲ್ಲೂ ಮೊದಲ ಪ್ಯಾರಾ ‘ಮಾನವ ಜೀವನದಲ್ಲಿ’ ಎಂದು ತೊಡಗುತ್ತದೆ. ನಾಲ್ಕರಲ್ಲೂ ಕೊನೆಯ ಪ್ಯಾರಾ ಓದುಗನಿಗೆ ಉಪದೇಶ ಮಾಡುತ್ತದೆ. ಉಪದೇಶ ಕತ್ತರಿಸಿ ಎಂದು ಮೂರು ಸಲವೂ ಬರೆದಿದ್ದೆ. ಪ್ರತಿ ಸಲ ಹೊಸ ವಿಷಯಕ್ಕೆ ಹಳೆಯ ಉಪದೇಶ ಹೊಲಿದು ಕಳಿಸಿದ್ದೀರಿ. ಇದನ್ನು ನೀವು ನಾಲ್ಕು ಪ್ರಯತ್ನ ಎನ್ನುತ್ತೀರಿ. ನನ್ನ ಲೆಕ್ಕದಲ್ಲಿ ಒಂದೇ ಪ್ರಯತ್ನ, ನಾಲ್ಕು ಲಕೋಟೆ. ಕಟುವಾಯಿತು, ಗೊತ್ತು. ಆದರೆ ಇದರೊಳಗೆ ಒಂದು ಒಳ್ಳೆಯ ಸುದ್ದಿಯೂ ಇದೆ: ಬರೆಯಲು ಬರುತ್ತದೆಯೋ ಇಲ್ಲವೋ ಎಂದು ನೀವು ಇನ್ನೂ ಪರೀಕ್ಷಿಸಿಯೇ ಇಲ್ಲ. ಆ ಬೀಗದ ಸಾಲನ್ನು ಬಿಟ್ಟರೆ.

ನಾನೂ ಒಂದನ್ನು ಬಿಟ್ಟಿದ್ದೇನೆ. ಹನ್ನೊಂದು ವರ್ಷ ಒಂದು ಕಾದಂಬರಿ ಬರೆದೆ. ಯಾರೂ ಅದನ್ನು ತಿರಸ್ಕರಿಸಲಿಲ್ಲ, ಏಕೆಂದರೆ ಯಾರಿಗೂ ಕೊಟ್ಟಿರಲಿಲ್ಲ. ಒಂದು ಸಂಜೆ ಹಳೆಯ ಪ್ರತಿಗಳನ್ನು ಜೋಡಿಸುವಾಗ ಕಂಡಿತು: ಕೊನೆಯ ಎರಡು ವರ್ಷ ನಾನು ಮೊದಲ ಅಧ್ಯಾಯವನ್ನಷ್ಟೇ ತಿದ್ದುತ್ತಿದ್ದೆ. ಹದಿನಾಲ್ಕನೇ ಅಧ್ಯಾಯದ ನಂತರ ಏನಾಗಬೇಕೆಂದು ಗೊತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳುವ ಬದಲು ಬಾಗಿಲಿಗೆ ಬಣ್ಣ ಬಳಿಯುತ್ತ ಕೂತಿದ್ದೆ. ಹಾಕಿದ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಆಗಲೂ ನನಗೆ ಚೆನ್ನಾಗಿಯೇ ಗೊತ್ತಿತ್ತು. ಬೇರೆಯವರಿಗೆ ಹೇಳಿಯೂ ಇದ್ದೆ. ಕಟ್ಟಿ ಮೇಲಿಟ್ಟೆ. ಹಗುರವಾಯಿತು ಎನ್ನಲಾರೆ. ಬಹಳ ದಿನ ಸಂಜೆಯ ಆ ಎರಡು ಗಂಟೆ ಏನು ಮಾಡಬೇಕೆಂದು ತಿಳಿಯದೆ ಮನೆಯೊಳಗೆ ಸುಮ್ಮನೆ ಓಡಾಡಿದೆ. ಆ ಕಟ್ಟಿನಿಂದ ಮುಂದೆ ಒಂದು ಸಣ್ಣಕತೆಯೂ ಹುಟ್ಟಲಿಲ್ಲ.

ಲೇಖನವನ್ನು ಇದರ ಜೊತೆ ಮರಳಿಸುತ್ತಿದ್ದೇನೆ. ಒಂದು, ಎರಡು, ಮೂರು ಮತ್ತು ಐದನೇ ಪುಟಗಳಿಗೆ ಅಡ್ಡಗೆರೆ ಎಳೆದಿದ್ದೇನೆ. ನಾಲ್ಕನೆಯದರಲ್ಲಿ ಆರು ಸಾಲುಗಳಿಗೆ ಚೌಕ ಹಾಕಿ, ‘ಮುಚ್ಚಲ್ಪಟ್ಟಿತು’ ಹೊಡೆದು ‘ಮುಚ್ಚಿದೆ’ ಮಾಡಿದ್ದೇನೆ. ಅಲ್ಲಿಂದ ಶುರುಮಾಡಿ ಎಂಟುನೂರು ಪದ ಬರೆಯಲು ಮನಸ್ಸಾದರೆ ಕಳಿಸಿ. ಮೂರು ತಿಂಗಳ ಒಳಗೆ ಆಗದಿದ್ದರೆ ಕಳಿಸಬೇಡಿ, ನಾನು ಕಾಯುವುದಿಲ್ಲ. ಅಂಚಿನಲ್ಲಿ ಒಂದು ಪ್ರಶ್ನೆಯನ್ನೂ ಪೆನ್ಸಿಲಿನಲ್ಲಿ ಬರೆದಿದ್ದೇನೆ, ಅಕ್ಷರ ಸಣ್ಣದಾಗಿದೆ, ಓದಲು ಬಾರದಿದ್ದರೆ ಎಂದು ಇಲ್ಲೂ ಬರೆಯುತ್ತೇನೆ: ಒಳಗೆ ಏನೂ ಉಳಿದಿರಲಿಲ್ಲವಲ್ಲ, ಬೀಗ ಯಾಕೆ ಹಾಕಿದಿರಿ?

ಇತಿ,
ಸಂಪಾದಕ